ಸೂಜಿಗಲ್ಲು

ಅಯಸ್ಕಾಂತವೆಂಬುದು ಸಂಸ್ಕೃತದ ಹೆಸರು. ಕಬ್ಬಿಣಕ್ಕೆ ಪ್ರಿಯವಾದುದು ಎಂದು ಅದರ ಅರ್ಥ. ನಮ್ಮ ಹಿರಿಯರು ಅಷ್ಟು ದೂರ ಹೋಗದೆ, ಸೂಜಿಯನ್ನು ಸೆಳೆಯುವ ಕಲ್ಲನ್ನು ಸೂಜಿಗಲ್ಲೆಂದೇ ಕರೆದರು. ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಈ ವಿಷಯಕ್ಕೆ ಕೈಹಾಕಲು ನಮ್ಮ ತಂದೆಯವರೇ ಕಾರಣರು. ಹಲಗೂರಿನ ಬಳಿ ನಮ್ಮ ಹೊಲದ ಪಂಪಿನ ಮೋಟಾರು ತಿರುಗುವುದನ್ನು ನೋಡುತ್ತ ಒಮ್ಮೆ ಅವರು, "ಸೌದೆ ಇಲ್ಲ, ಎಣ್ಣೆ ಇಲ್ಲ, ನೂಕೋರಿಲ್ಲ, ಅದು ಹೆಂಗ್ಲಾ ತಿರುಗ್ತದೆ? ಕಾಲೇಜು ಓದೋನು ಹೇಳು ನೋಡಾನ" ಎಂದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ಉತ್ತರ ಹುಡುಕುವ ಹೊಣೆಯೂ ನನ್ನದೇ ಆಯಿತು.

ಮೊದಲು ಕಲ್ಲಿನ ವಿಚಾರ. ಕೆಟ್ಟುಹೋದ ರೇಡಿಯೋವಿನ ಸ್ಪೀಕರಿನಲ್ಲಿ ಒಂದು ಅಯಸ್ಕಾಂತವಿರುತ್ತದೆ. ಅದನ್ನು ಹೊಳೆಯ ಮರಳಿನಲ್ಲಿ ಎಳೆದಾಡಿದರೆ ಕರಿಯ ಕಣಗಳು ಮೀಸೆಯಂತೆ ಅಂಟಿಕೊಳ್ಳುತ್ತವೆ. ಅವು ಮ್ಯಾಗ್ನೆಟೈಟ್ ಎಂಬ ಅದಿರಿನ ಕಣಗಳು. ಹಿಂದೆ ನಮ್ಮ ಮಳವಳ್ಳಿ ಸೀಮೆಯಲ್ಲಿಯೂ ಕಬ್ಬಿಣದ ಅದಿರನ್ನು ಕರಗಿಸುವ ಕುಲುಮೆಗಳಿದ್ದುವು. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಅಗೆದು ತೆಗೆದುದೂ ಇದೇ ಜಾತಿಯ ಅದಿರನ್ನು.

ಅದೇ ಅಯಸ್ಕಾಂತದ ಒಂದೇ ಕೊನೆಯಿಂದ, ಒಂದೇ ದಿಕ್ಕಿಗೆ ಹೊಲಿಗೆಯ ಸೂಜಿಯನ್ನು ಮೂವತ್ತು ನಲವತ್ತು ಸಲ ಸವರಿ, ಜೋಳದ ದಂಟಿನ ಬೆಂಡಿಗೆ ಚುಚ್ಚಿ ನೀರಿನಲ್ಲಿ ತೇಲಿಬಿಡಿ. ಸೂಜಿ ಮೆಲ್ಲನೆ ತಿರುಗಿ ಉತ್ತರ ದಕ್ಷಿಣವಾಗಿ ನಿಲ್ಲುತ್ತದೆ. ಭೂಮಿಯೇ ಒಂದು ದೊಡ್ಡ ಅಯಸ್ಕಾಂತವಾದುದರಿಂದ ಹೀಗೆ. ಸೂಜಿಯನ್ನು ಎರಡಾಗಿ ಮುರಿದರೆ ಒಂದು ತುಂಡಿಗೆ ಉತ್ತರ ಧ್ರುವ, ಇನ್ನೊಂದಕ್ಕೆ ದಕ್ಷಿಣ ಧ್ರುವ ಎಂದು ಪಾಲಾಗುವುದಿಲ್ಲ. ಒಂದೊಂದು ತುಂಡಿನಲ್ಲಿಯೂ ಎರಡೂ ಧ್ರುವಗಳಿರುತ್ತವೆ. ಒಲೆಯಲ್ಲಿ ಕೆಂಪಗೆ ಕಾಯಿಸಿದರೆ ಮಾತ್ರ ಗುಣವೆಲ್ಲ ಹೋಗುತ್ತದೆ. ಕಬ್ಬಿಣವು ಸುಮಾರು 770 ಡಿಗ್ರಿ ಸೆಂಟಿಗ್ರೇಡಿಗೆ ತನ್ನ ಅಯಸ್ಕಾಂತತೆಯನ್ನು ಕಳೆದುಕೊಳ್ಳುತ್ತದೆ.

ಉತ್ತರಕ್ಕೆ ತಲೆಯಿಟ್ಟು ಮಲಗಬಾರದೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅವರ ಕಾರಣ ಗಣೇಶನ ತಲೆಯ ಕಥೆ. ಈಗಿನ ಕೆಲವರು ಅದೇ ಮಾತಿಗೆ ಭೂಮಿಯ ಅಯಸ್ಕಾಂತವು ರಕ್ತದ ಕಬ್ಬಿಣವನ್ನು ಎಳೆಯುತ್ತದೆಂಬ ಕಾರಣ ಕೊಡುತ್ತಾರೆ. ರಕ್ತದಲ್ಲಿರುವ ಕಬ್ಬಿಣವು ಮೊಳೆಯಂತೆ ಸೆಳೆತಕ್ಕೆ ಒಳಗಾಗುವಂಥದಲ್ಲ. ನನಗಂತೂ ಅಜ್ಜಿಯ ಕಥೆಯೇ ಮೇಲೆನ್ನಿಸುತ್ತದೆ. ಅದು ವಿಜ್ಞಾನದ ವೇಷ ಹಾಕುವುದಿಲ್ಲ.

ಇನ್ನು ಮೋಟಾರು. ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಅಲುಗುವುದನ್ನು 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಕಂಡನು. ವಿದ್ಯುತ್ತಿನಿಂದ ಅಯಸ್ಕಾಂತ ಹುಟ್ಟುವುದಾದರೆ ಅಯಸ್ಕಾಂತದಿಂದ ವಿದ್ಯುತ್ತೇಕೆ ಹುಟ್ಟಬಾರದು? ಇದಕ್ಕೆ 1831ರಲ್ಲಿ ಉತ್ತರ ಕಂಡವನು ಮೈಕೇಲ್ ಫ್ಯಾರಡೆ. ಇಂಗ್ಲೆಂಡಿನ ಒಬ್ಬ ಕಮ್ಮಾರನ ಮಗ. ಶಾಲೆಯ ಓದು ಅಲ್ಪ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಲೇ ಆ ಪುಸ್ತಕಗಳನ್ನು ಓದಿದವನು. ತಂತಿಯ ಸುರುಳಿಯ ಬಳಿ ಅಯಸ್ಕಾಂತ ಸುಮ್ಮನಿದ್ದರೆ ಏನೂ ಇಲ್ಲ. ಅದು ಚಲಿಸುತ್ತಿದ್ದರೆ ಸುರುಳಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಆತ ಕಂಡುದು ಇಷ್ಟೆ.

ಇಷ್ಟರಿಂದಲೇ ನಮ್ಮ ತಾಲ್ಲೂಕಿನ ಹೆಸರು ದೇಶಕ್ಕೆ ತಿಳಿಯಿತು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕಾಯಿತು. 1940ರಲ್ಲಿ ಶಿಂಷಾದ ವಿದ್ಯುದಾಗಾರವೂ ಎದ್ದಿತು. ಬೀಳುವ ನೀರು ಚಕ್ರವನ್ನು ತಿರುಗಿಸುತ್ತದೆ, ಚಕ್ರ ಅಯಸ್ಕಾಂತವನ್ನು ತಿರುಗಿಸುತ್ತದೆ, ಸುತ್ತಲಿನ ತಾಮ್ರದ ಸುರುಳಿಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆ ಯಂತ್ರದೊಳಗೂ ಸೌದೆಯಿಲ್ಲ, ಎಣ್ಣೆ ಉರಿಯುವುದಿಲ್ಲ.

ಹೊಲದ ಮೋಟಾರಿನಲ್ಲಿ ನಡೆಯುವುದು ಇದರ ಮಗ್ಗುಲು ಬದಲಾವಣೆ. ಮೂರು ಫೇಸಿನ ವಿದ್ಯುತ್ತು ಒಂದರ ಹಿಂದೊಂದು ಏರಿಳಿಯುತ್ತ ಬರುವುದರಿಂದ, ಹೊರಗಿನ ಸುರುಳಿಗಳ ಅಯಸ್ಕಾಂತ ಬಲವು ತಾನೇ ವೃತ್ತವಾಗಿ ಸುತ್ತುತ್ತದೆ. ನಡುವಿನ ಉರುಳೆಯು ತಾಯಿಯ ಹಿಂದೆ ಕರು ಓಡುವಂತೆ ಅದರ ಹಿಂದೆ ಓಡುತ್ತದೆ, ಯಾವಾಗಲೂ ಕೊಂಚ ಹಿಂದೆಯೇ. ಮೂರರಲ್ಲಿ ಒಂದು ಫೇಸು ತಪ್ಪಿದರೆ ಸುತ್ತುವ ಬಲ ಕೆಡುತ್ತದೆ. ನಿಂತ ಮೋಟಾರು ಹೊರಡಲಾರದೆ ಗುಂಯ್‌ಗುಟ್ಟುತ್ತ ಕಾದು ಸುರುಳಿ ಸುಟ್ಟುಹೋಗುತ್ತದೆ. ಬೆಳೆಯ ಕಾಲದಲ್ಲಿ ಮೋಟಾರು ಸುಟ್ಟರೆ ಏನಾಗುತ್ತದೆಂಬುದನ್ನು ಮಂಡ್ಯದ ಕಡೆಯ ವಾಚಕರಿಗೆ ನಾನು ಹೇಳಬೇಕಾಗಿಲ್ಲ.

ರೇಡಿಯೋ, ಟೆಲಿಫೋನು, ಮನೆಯ ಫ್ಯಾನು ಇವೆಲ್ಲ ಇದೇ ಬಲದ ಬೇರೆ ಬೇರೆ ರೂಪಗಳು. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನೊಡನೆ ಬಂದ ಕಬ್ಬಿಣದ ಚೂರು ಅರೆಯುವ ಉರುಳೆಗಳನ್ನು ಕೆಡಿಸದಂತೆ ಮೊದಲೇ ಅಯಸ್ಕಾಂತದಿಂದ ಎಳೆದುಕೊಳ್ಳುವುದುಂಟು.

ನನಗೆ ಎಲ್ಲಕ್ಕಿಂತ ಹೆಚ್ಚೆನಿಸಿದ ಉಪಯೋಗ ಬೇರೊಂದು. ಮೂರು ವರ್ಷದ ಕೆಳಗೆ ನಮ್ಮ ಮನೆಯ ಕರೆಯುವ ಹಸು ಮೇವು ಬಿಟ್ಟು, ಬೆನ್ನು ಗೂನು ಮಾಡಿಕೊಂಡು ನಿಂತು, ಕೆಲವು ದಿನಗಳಲ್ಲಿ ಸತ್ತಿತು. ಆಮೇಲೆ ನೋಡಿದರೆ ಹೊಟ್ಟೆಯಲ್ಲಿ ಬೆರಳುದ್ದದ ತಂತಿ. ದನ ಮೇವನ್ನು ಅಗಿಯದೆ ನುಂಗುತ್ತದೆ. ಮೇವಿನಲ್ಲಿ ಸೇರಿದ ಮೊಳೆ, ತಂತಿಗಳು ಜೇನುಹಟ್ಟಿಯಂತಿರುವ ಎರಡನೆಯ ಹೊಟ್ಟೆಯಲ್ಲಿ ಉಳಿಯುತ್ತವೆ. ಅದರ ಮುಂದೆಯೇ, ತೆಳುವಾದ ಪೊರೆಯ ಆಚೆಗೆ, ಹೃದಯ. ಇದಕ್ಕಾಗಿ ಪಶುವೈದ್ಯರು ಬೆರಳುದ್ದದ ನುಣುಪಾದ ಅಯಸ್ಕಾಂತವೊಂದನ್ನು ದನಕ್ಕೆ ನುಂಗಿಸುವುದುಂಟು. ಅದು ಆ ಹೊಟ್ಟೆಯಲ್ಲಿಯೇ ಜೀವಮಾನವೆಲ್ಲ ಉಳಿದು, ಬಂದ ಕಬ್ಬಿಣವನ್ನು ತನ್ನ ಮೈಗೆ ಅಂಟಿಸಿಕೊಂಡು ಚುಚ್ಚದಂತೆ ಹಿಡಿದಿರುತ್ತದೆ. ತಾಮ್ರ, ಅಲ್ಯುಮಿನಿಯಂ ತಂತಿಗಳನ್ನು ಅದು ಹಿಡಿಯಲಾರದು. ಆಗಲೇ ಪೊರೆ ದಾಟಿ ಚುಚ್ಚಿದುದನ್ನು ಹಿಂದಕ್ಕೆಳೆಯುವ ಭರವಸೆಯೂ ಇಲ್ಲ. ಒಂದು ದನಕ್ಕೆ ಒಂದೇ ಸಾಕು. ಕೊಂಡು ತಂದ ಹಸುವಿಗೆ ಮೊದಲೇ ಹಾಕಿದ್ದಾರೆಯೇ ಎಂಬುದನ್ನು ತಿಳಿಯಲು ಅದರ ಎದೆಯ ಎಡಮಗ್ಗುಲಲ್ಲಿ, ಮುಂಗಾಲಿನ ಮೊಣಕೈಯ ಹಿಂದೆ, ದಿಕ್ಸೂಚಿ ಹಿಡಿದು ನೋಡುತ್ತಾರೆ. ಅಯಸ್ಕಾಂತವಿದ್ದರೆ ಮುಳ್ಳು ಉತ್ತರವನ್ನು ಬಿಟ್ಟು ಹಸುವಿನ ಕಡೆಗೆ ತಿರುಗುತ್ತದೆ.