‘ಟೈ’: ಪದ ಮತ್ತು ಉಡುಪು

ಹದಿನೇಳನೆಯ ಶತಮಾನದಲ್ಲಿ ಕ್ರೊಯೇಷಿಯಾದ ಸೈನಿಕರ ಕೊರಳವಸ್ತ್ರವು ಫ್ರಾನ್ಸಿನಲ್ಲಿ ‘ಕ್ರವಾತ್’ ಎಂದು ರೂಢಿಗೆ ಬಂದಿತು. ಇಂದಿನ ಟೈ ಅದರ ಸಂತತಿ. ಇಂಗ್ಲಿಷಿನಲ್ಲಿ ‘ಟೈ’ ಎಂದರೆ ಕಟ್ಟು ಎಂದೇ ಅರ್ಥವಿರುವುದರಿಂದ ‘ಟೈ ಕಟ್ಟು’ ಎಂಬ ಕನ್ನಡ ಪ್ರಯೋಗ ದ್ವಿರುಕ್ತಿಯೆನಿಸಬಹುದು. ಆದರೆ ಇದನ್ನು ದೋಷವೆನ್ನುವುದು ಅವಸರದ ತೀರ್ಮಾನ. ಬೇವೂರನ್ನೊಳಗೊಂಡ ಯಲಬುರ್ಗಾ ಸೀಮೆಯಲ್ಲಿ ರುಮಾಲನ್ನು ಸುತ್ತುತ್ತಾರೆ, ಧೋತರವನ್ನು ಉಡುತ್ತಾರೆ, ಅಂಗಿಯನ್ನು ತೊಡುತ್ತಾರೆ. ಕೊರಳಿಗೆ ತಾಳಿಯನ್ನು ಕಟ್ಟುತ್ತಾರೆ, ಲಿಂಗವನ್ನೂ ಕಟ್ಟುತ್ತಾರೆ. ಪರಕೀಯ ವಸ್ತು ಬಂದಾಗ ಅದಕ್ಕೊಪ್ಪುವ ಕ್ರಿಯಾಪದ ಸಿದ್ಧವಾಗಿಯೇ ಇತ್ತು.

ನಾಮಪದಕ್ಕೆ ಪರ್ಯಾಯ ಹುಡುಕುವ ಯತ್ನ ಅಷ್ಟು ಫಲಕಾರಿಯಲ್ಲ. ‘ಕಂಠಲಂಗೋಟಿ’ ಹಾಸ್ಯಕ್ಕೆ ಸರಿ. ‘ಕೊರಳಪಟ್ಟಿ’ ಎಂದರೆ ಅಂಗಿಯ ಕಾಲರೇ ನೆನಪಾಗುತ್ತದೆ. ನಿಘಂಟಿನಲ್ಲಿ ‘ಟೈ’ ಎಂಬುದನ್ನೇ ಉಳಿಸಿಕೊಂಡು ಅದರ ಕ್ರಿಯಾಪದಗಳನ್ನು ದಾಖಲಿಸುವುದು ಉಚಿತ. ಶಾಲಾಮಕ್ಕಳ ಎಲಾಸ್ಟಿಕ್ ಟೈಗೆ ಗಂಟು ಮೊದಲೇ ಇರುತ್ತದೆ. ಅದನ್ನು ಕಟ್ಟುವುದಿಲ್ಲ, ಹಾಕುತ್ತಾರೆ.