ಲಿಂಗಸುಗೂರು: ನಾಯಿ ಸಾಕಿದವರಿಗೆ ಎಂಥ ಊರು?

ವರ್ಗವಾಗಿ ಬರುವವರು ಮೊದಲು ವಿಚಾರಿಸುವುದು ಶಾಲೆ, ನೀರು, ಬಾಡಿಗೆ. ಮನೆಯಲ್ಲಿ ನಾಯಿ ಇದ್ದವರಿಗೆ ಇನ್ನೊಂದು ಚಿಂತೆ: ಊರು ಅದನ್ನು ಒಪ್ಪೀತೇ? ಲಿಂಗಸುಗೂರಿನಲ್ಲಿ ಇದಕ್ಕೆ ಉತ್ತರ ಸಿಕ್ಕಿದ್ದು ಊರಾಚೆಯ ಎರೆಹೊಲದಲ್ಲಿ.

ಬ್ರಿಟಿಷರ ದಂಡು ಬೀಡುಬಿಟ್ಟಿದ್ದ ಛಾವಣಿ ಈ ಊರು. ನಿಜಾಮರ ಕಾಲದಲ್ಲಿ ಜಿಲ್ಲಾ ಕೇಂದ್ರವೂ ಆಗಿತ್ತು. ಈಗ ರಾಯಚೂರು ಜಿಲ್ಲೆಯ ತಾಲ್ಲೂಕು. ಹಟ್ಟಿ ಚಿನ್ನದ ಗಣಿ, ಮುದಗಲ್ ಕೋಟೆ ಇದರ ವ್ಯಾಪ್ತಿಯಲ್ಲೇ ಇವೆ. ನೆರೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರಿದೆ. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಟು ಮಾಡಿದ್ದಾಗಿ ಬೇರೆಡೆಯ ಬಂಡೆಗಳ ಮೇಲೆ ಬರೆಸಿದವನು ಅದೇ ಅಶೋಕ.

ಆ ಎರೆಹೊಲದಲ್ಲಿ ಕುರಿ ತರುಬಿದ್ದರು. ಬಲೆಯ ಪಕ್ಕ ತೆಳು ಸೊಂಟದ, ಉದ್ದ ಮೂತಿಯ ನಾಯಿ ಮಲಗಿತ್ತು. ಕುರಿಗಾಹಿ ಜೋಳದ ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ಕಿವುಚಿ ಅದರ ಮುಂದಿಟ್ಟರು. ‘ಮೊದಲ ಅದಕ್ಕ ಉಣಸ್ತೀವ್ರಿ, ಆಮ್ಯಾಲ ನಾವು. ರಾತ್ರಿ ತೋಳ ಬಂದ್ರ ಎದ್ದು ನಿಲ್ಲೋದು ಅದರೀ. ಅದು ಇಲ್ಲಂದ್ರ ನಮಗ ನಿದ್ದಿ ಎಲ್ಲಿಂದ?’ ಎಂದರು. ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ತೋಳಗಳಿಗೆಂದೇ ಬಂಕಾಪುರ ವನ್ಯಜೀವಿಧಾಮ ಇರುವ ಸೀಮೆಯಿದು, ಮಾತು ಉತ್ಪ್ರೇಕ್ಷೆಯಲ್ಲ. ನಾಯಿಮರಿಗಳ ಜಾತಿ, ಕಾಲಿನ ಉದ್ದ, ಓಟದ ಬಗ್ಗೆ ಅವರು ಹೇಳುತ್ತಲೇ ಹೋದರು. ಕುರಿ ಕಾಯುವ ಹುಡುಗರು ಕಡಿಮೆಯಾದಂತೆ ಈ ತಿಳಿವಳಿಕೆಯೂ ಕರಗುತ್ತಿದೆ ಎನ್ನುವುದು ಅವರ ಕೊರಗು.

ಪೇಟೆಯ ಲೆಕ್ಕ ಬೇರೆ. ಇಲ್ಲಿ ನಾಯಿಯೆಂದರೆ ಅಂಗಳ ಕಾಯುವುದು. ಮನೆಯೊಳಗೆ ಸಾಕುವುದಾದರೆ ಮಾಲೀಕರಿಗೆ ಮುಂಗಡ ಕೊಡುವ ಮೊದಲೇ ಹೇಳಿಬಿಡಿ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ದಟ್ಟ ಕೂದಲಿನ ತಳಿಗಳಿಗೆ ಇದು ಹಿಂಸೆ. ಡಾಂಬರು ಕಾಯುವ ಮುನ್ನ, ನಸುಕಿನಲ್ಲೇ ತಿರುಗಾಡಿಸಬೇಕು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಮ್ಮ ಮುಧೋಳ ನಾಯಿಗಾದರೆ ಈ ಹವೆ ಹೊಸದಲ್ಲ.

ಬೀದಿನಾಯಿಗಳನ್ನೂ ಗಮನಿಸಿ. ಕಿವಿಯ ತುದಿ ಕತ್ತರಿಸಿದ್ದರೆ ಸಂತಾನಹರಣ ಆಗಿದೆ ಎಂದರ್ಥ. 2023ರ ನಿಯಮದಂತೆ ಇದು ಸ್ಥಳೀಯ ಆಡಳಿತದ ಹೊಣೆ. ನಾನು ಕಂಡ ನಾಯಿಗಳಲ್ಲಿ ಆ ಗುರುತು ಕಾಣಲಿಲ್ಲ. ಶಸ್ತ್ರಚಿಕಿತ್ಸೆ, ರೇಬಿಸ್ ಲಸಿಕೆ ಎರಡೂ ಚುರುಕಾದರೆ ಬೀದಿಗೂ ಮನೆಗೂ ಒಳ್ಳೆಯದು.

ನಾಯಿಯನ್ನು ಬಿಟ್ಟುಬರುವಂಥ ಊರು ಇದಲ್ಲ. ನೆರಳಿರುವ ಅಂಗಳದ ಮನೆ ಹಿಡಿಯಿರಿ, ರೇಬಿಸ್ ಲಸಿಕೆ ಹಾಕಿಸಿಯೇ ಕರೆತನ್ನಿ. ಬಾಗಿಲ ಹೊರಗೆ ಒಂದು ಬೋಗುಣಿ ನೀರು ಬೀದಿನಾಯಿಗೂ ಇಡಿ.