ಕನ್ಹೇರಿಯಲ್ಲಿ ನಾವು ಬಿಗಿದ ಭಾಷಣ

ಬೊರಿವಲಿಯಲ್ಲಿ ಬಿಡಾರ ಹೂಡಿದ ಕನ್ನಡಿಗರಿಗೆ, ಊರಿನಿಂದ ನೆಂಟರು ಬಂದರೆ ಕರೆದೊಯ್ದು ತೋರಿಸಲು ರಾಷ್ಟ್ರೀಯ ಉದ್ಯಾನದ ಒಳಗಿರುವ ಕನ್ಹೇರಿಯ ಗುಹೆಗಳು ಇದ್ದೇ ಇವೆ. ಕಳೆದ ಚಳಿಗಾಲದಲ್ಲಿ ನಮ್ಮ ನಾಲ್ಕಾರು ಸಂಸಾರಗಳು ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗಿದ್ದವು. ಚಿತ್ರಾನ್ನದ ಡಬ್ಬಿಗಳು ಬರಿದಾದ ಮೇಲೆ, ಮಕ್ಕಳಿಗೆ ನಾಲ್ಕು ಮಾತು ಹೇಳಿರೆಂದು ಯಾರೋ ನಮ್ಮನ್ನು ಕೇಳಿದರು. ನಮಗೆ ಅಷ್ಟೇ ಸಾಕಾಗಿತ್ತು!

“ಮಕ್ಕಳೇ, ಈ ಗುಹೆಗಳನ್ನು ಕೊರೆಯಿಸಿದವನು ನಮ್ಮ ನೃಪತುಂಗ ಚಕ್ರವರ್ತಿ. ಅವನ ಹೆಸರಿನ ಶಾಸನ ಇಲ್ಲೇ ಇದೆ. ನಮ್ಮ ಗೌಡರೊಬ್ಬರು ದತ್ತಿ ಕೊಟ್ಟ ಸಂಗತಿಯೂ ಅದರಲ್ಲಿದೆ. ಕನ್ಹೇರಿ ಎಂದರೆ ಕನ್ನಡಗಿರಿ!”

ಹಿರಿಯರು ಚಪ್ಪಾಳೆ ತಟ್ಟಿದರು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮಾತ್ರ ತಟ್ಟಲಿಲ್ಲ. “ಮಾಮಾ, ಈ ದೊಡ್ಡ ಚೈತ್ಯ ಎರಡನೆಯ ಶತಮಾನದ್ದೆಂದು ಓದಿದ್ದೇನೆ. ನೃಪತುಂಗ ಒಂಬತ್ತನೆಯ ಶತಮಾನದವನಲ್ಲವೆ?” ಎಂದ. ನಾವು ಕೆಮ್ಮಿದೆವು. ಬಿಸಿಲೇರಿತು, ಇಳಿಯೋಣ ಎಂದೆವು.

ಮರುವಾರ ಪುಸ್ತಕ ಹಿಡಿದು ಕುಳಿತಾಗ ನಮ್ಮ ಪಾಂಡಿತ್ಯದ ಬೆಲೆ ತಿಳಿಯಿತು. ನೂರಕ್ಕೂ ಹೆಚ್ಚಿರುವ ಈ ಗುಹೆಗಳಲ್ಲಿ ಕೊರೆಯುವ ಕೆಲಸ ಮೊದಲಾದದ್ದು ಸುಮಾರು ಕ್ರಿಸ್ತಶಕದ ಆರಂಭದಲ್ಲಿ. ಚೈತ್ಯವು ಶಾತವಾಹನ ಯಜ್ಞ ಶಾತಕರ್ಣಿಯ ಕಾಲದ್ದು. ಕನ್ಹೇರಿ ಎಂಬುದು ಹಳೆಯ ‘ಕಣ್ಹಸೇಲ’, ‘ಕೃಷ್ಣಗಿರಿ’ಗಳಿಂದ ಬಂದ ಹೆಸರು, ಎಂದರೆ ಕಪ್ಪು ಬೆಟ್ಟ. ಅಲ್ಲಿನ ಬಂಡೆಯ ಬಣ್ಣ ನೋಡಿದ್ದರೂ ಸಾಕಿತ್ತು. ಇನ್ನು ನಮ್ಮ ಗೌಡರು! ನೂರು ದ್ರಮ್ಮಗಳ ದತ್ತಿ ಕೊಟ್ಟ ಅವಿಘ್ನಾಕರನೆಂಬ ಬೌದ್ಧನು ಗೌಡದೇಶದಿಂದ ಬಂದವನು. ಗೌಡದೇಶವೆಂದರೆ ಬಂಗಾಳ. ಅವನನ್ನು ನಾವು ಮಂಡ್ಯದ ಕಡೆಯವನನ್ನಾಗಿ ಮಾಡಿಬಿಟ್ಟಿದ್ದೆವು.

ಆದರೆ ಭಾಷಣದಲ್ಲಿ ಒಂದು ಮಾತು ನಿಜವಾಗಿತ್ತು. ಕನ್ಹೇರಿಯ ಮೂರು ಶಾಸನಗಳಲ್ಲಿ ನೃಪತುಂಗನ, ಎಂದರೆ ರಾಷ್ಟ್ರಕೂಟ ಅಮೋಘವರ್ಷನ, ಹೆಸರಿದೆ. ಆಗ ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರ ಪುಲ್ಲಶಕ್ತಿಯೂ ಕಪರ್ದಿಯೂ ಅವನ ಸಾಮಂತರು. ಕೊನೆಯ ಶಾಸನ ಶಕ 799ರದು, ಕ್ರಿ.ಶ. 877-78. ಮಾನ್ಯಖೇಟದಲ್ಲಿ ಕುಳಿತು ಆಳಿದ, ‘ಕವಿರಾಜಮಾರ್ಗ’ದೊಡನೆ ಹೆಸರು ಸೇರಿಹೋದ ಆ ದೊರೆಯನ್ನು, ನಮ್ಮ ಮನೆಗಳಿಂದ ಕೂಗಳತೆಯಲ್ಲಿರುವ ಬೆಟ್ಟದಲ್ಲಿ ಬೌದ್ಧ ದಾನಿಗಳು ತಮ್ಮ ಅರಸನೆಂದು ಬರೆಸಿದ್ದಾರೆ. ಇಷ್ಟನ್ನೇ ಹೇಳಿದ್ದರೆ ಸಾಲದಾಗಿತ್ತೆ?

ಈ ಮಾತು ಹೇಳೋಣವೆಂದು ಹುಡುಗನ ಮನೆಗೆ ಹೋದೆವು. ಅವನ ತಾಯಿ ಕಾಫಿ ಕೊಡುತ್ತಾ, “ಅಂದಿನಿಂದ ನಾವು ಕನ್ನಡದ ಕಥೆ ಏನು ಹೇಳಿದರೂ, ಇದೂ ಕನ್ಹೇರಿಯ ಹಾಗೆಯೋ ಅಂತ ಕೇಳ್ತಾನೆ ನೋಡಿ” ಎಂದರು. ನಗುತ್ತಲೇ ಹೇಳಿದರು, ಕಾಫಿ ಮಾತ್ರ ನಮ್ಮ ಗಂಟಲಿನಲ್ಲಿ ಇಳಿಯಲಿಲ್ಲ.

ಮುಂದಿನ ಭಾನುವಾರ ಅವನೊಬ್ಬನನ್ನೇ ಕರೆದುಕೊಂಡು ಮತ್ತೆ ಬೆಟ್ಟ ಹತ್ತಿದೆವು. ತಪ್ಪಿದ್ದು ಯಾವುದು, ಸರಿ ಯಾವುದು ಎಂದು ದಾರಿಯುದ್ದಕ್ಕೂ ಬಿಡಿಸಿ ಹೇಳಿದೆವು. ಶಾಸನದ ಮುಂದೆ ನಿಂತು ಅವನು, “ಇದರಲ್ಲಿ ಅಮೋಘವರ್ಷ ಅಂತ ಎಲ್ಲಿದೆ, ಮಾಮಾ?” ಎಂದು ಕೇಳಿದ.

“ಆ ಲಿಪಿ ನಮಗೆ ಓದಲು ಬಾರದಪ್ಪ” ಎಂದೆವು.

“ಕಲಿಯೋಣವೇ?” ಎಂದ.